ಬಾಟಲಿ ಏರಿಸುವ ಮೊದಲು ಕಾಲೆತ್ತಿ ನೋಡಿ

ಮಳೆ ಹಿಡಿಯಿತೆಂದರೆ ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಕ್ಲಿನಿಕ್‌ಗಳ ಮುಂದೆ ಜ್ವರದವರ ಸಾಲು. ಒಳಗೆ ಹೋದವರ ಬೇಡಿಕೆ ಒಂದೇ: ‘ತುಂಬಾ ಸುಸ್ತು ಡಾಕ್ಟ್ರೇ, ಒಂದು ಗ್ಲೂಕೋಸ್ ಹಾಕ್ಬಿಡಿ.’ ಹಾಕದವರಿಗೆ ಕೈಗುಣವಿಲ್ಲ ಎಂದೇ ಲೆಕ್ಕ! ಗ್ಲೂಕೋಸ್ ಎಂದು ಕೇಳಿ ಏರಿಸಿಕೊಳ್ಳುವ ಅರ್ಧ ಲೀಟರ್ ಸಲೈನ್ ಬಾಟಲಿಯಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು.

ಆದರೂ ಅದು ಔಷಧ. 1832ರ ಕಾಲರಾದಲ್ಲಿ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಟ್ಟಾ ರಕ್ತನಾಳಕ್ಕೆ ಉಪ್ಪುನೀರು ಹರಿಸಿ, ಸಾವಿನಂಚಿನಲ್ಲಿದ್ದವರು ಚೇತರಿಸಿಕೊಂಡದ್ದನ್ನು ಕಂಡರು. ಅದೇ ನೀರು ಮುಳುವಾಗಲೂಬಹುದು. ಆಫ್ರಿಕಾದ ಮೂರು ದೇಶಗಳಲ್ಲಿ ತೀವ್ರ ಜ್ವರದಿಂದ ನಲುಗಿದ 3 ಸಾವಿರಕ್ಕೂ ಹೆಚ್ಚು ಮಕ್ಕಳ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಬಿರುಸಾಗಿ ಡ್ರಿಪ್ ಪಡೆದವರಲ್ಲಿ 48 ಗಂಟೆಯೊಳಗೆ ತೀರಿಕೊಂಡವರು ನೂರಕ್ಕೆ ಹತ್ತಕ್ಕಿಂತ ಹೆಚ್ಚು, ಪಡೆಯದವರಲ್ಲಿ ಏಳರಷ್ಟು.

ನೀರು ಮುಳುವಾಗಲು ಒಂದು ಕಾರಣ ಹೃದಯದಲ್ಲಿದೆ. ಒಳಗೆ ಬಂದ ರಕ್ತಕ್ಕೆ ಹಿಗ್ಗಿದಷ್ಟೂ ಅದು ಜೋರಾಗಿ ಒತ್ತುತ್ತದೆ. ಆದರೆ ಅದಕ್ಕೊಂದು ಮಿತಿ. ಮಿತಿ ದಾಟಿದ ಮೇಲೆ ಸುರಿದ ನೀರು ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಐಸಿಯುನಲ್ಲಿ ರಕ್ತದೊತ್ತಡ ಕುಸಿದವರ ಪೈಕಿ ಡ್ರಿಪ್‌ಗೆ ಹೃದಯ ಓಗೊಡುವುದು ಸುಮಾರು ಅರ್ಧ ಮಂದಿಯಲ್ಲಿ ಮಾತ್ರ.

ಯಾರಲ್ಲಿ ಎಂದು ಮೊದಲೇ ತಿಳಿಯುವುದು ಹೇಗೆ? ವೆಂಟಿಲೇಟರ್‌ನಲ್ಲಿರುವವರಿಗೆ ಉಸಿರಿನೊಂದಿಗೆ ನಾಡಿಯ ಒತ್ತಡ ಎಷ್ಟು ಏರಿಳಿಯುತ್ತದೆಂದು ನೋಡುತ್ತಾರೆ. ಇನ್ನೊಂದು ಉಪಾಯಕ್ಕೆ ತೊಟ್ಟು ನೀರೂ ಬೇಡ. ಅರೆ ಒರಗಿದ ರೋಗಿಯನ್ನು ಮಲಗಿಸಿ, ಹಾಸಿಗೆಯನ್ನೇ ವಾಲಿಸಿ ಕಾಲುಗಳನ್ನು 45 ಡಿಗ್ರಿ ಎತ್ತಿದರೆ ಕಾಲಿನಲ್ಲಿದ್ದ ಸುಮಾರು 300 ಮಿ.ಲೀ. ರಕ್ತ ಹೃದಯದತ್ತ ಹರಿಯುತ್ತದೆ. ಒಂದು ನಿಮಿಷದೊಳಗೆ ಹೃದಯದ ಹೊರಹರಿವು ಶೇ 10ರಷ್ಟು ಏರಿತೇ ಎಂದು ಎಕೋದಲ್ಲಿ ಅಳೆಯುತ್ತಾರೆ. ಏರದಿದ್ದರೆ ಕಾಲಿಳಿಸಿದರಾಯಿತು, ರಕ್ತ ಸ್ವಸ್ಥಾನಕ್ಕೆ. ಸುರಿದ ಬಾಟಲಿಯನ್ನು ಹಾಗೆ ವಾಪಸು ತೆಗೆಯಲಾಗದು. ಇನ್ನೊಂದು ಮಾತು: ಆರೋಗ್ಯವಂತರ ಹೃದಯವೂ ಓಗೊಡುತ್ತದೆ. ಓಗೊಟ್ಟ ಮಾತ್ರಕ್ಕೆ ಡ್ರಿಪ್ ಬೇಕೆಂದೇನಲ್ಲ.

2024ರಲ್ಲಿ ಕರ್ನಾಟಕ ಸಾಂಕ್ರಾಮಿಕವೆಂದು ಘೋಷಿಸಿದ ಡೆಂಗಿಯಲ್ಲಂತೂ ಈ ಲೆಕ್ಕ ಬಲು ಸೂಕ್ಷ್ಮ. ಜ್ವರ ಇಳಿಯುವ ಹೊತ್ತಿಗೆ ರಕ್ತನಾಳದಿಂದ ದ್ರವ ಸೋರುತ್ತದೆ. ಒಂದೆರಡು ದಿನಕ್ಕೆ ತಾನಾಗಿ ಮರಳುತ್ತದೆ. ಆಗಲೂ ಡ್ರಿಪ್ ಮುಂದುವರಿಸಿದರೆ ಉಸಿರು ಕಟ್ಟಬಹುದು.

ಕುಡಿಯಲು ಆಗುವವರಿಗೆ ಓಆರ್‌ಎಸ್, ಗಂಜಿ ಸಾಕು. ಜ್ವರ ಇಳಿದರೂ ಹೊಟ್ಟೆನೋವು, ಪದೇ ಪದೇ ವಾಂತಿ, ಮಂಕು ಕಂಡರೆ ಬೌರಿಂಗ್‌ಗೋ ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಗೋ ತಡಮಾಡದೆ ಹೋಗಿ. ಬಾಟಲಿ ಬೇಕೋ ಬೇಡವೋ ಎಂಬುದನ್ನು ಮಾತ್ರ ವೈದ್ಯರೇ ಹೇಳಲಿ.