ಹಳೆಯ ಕಾರಿನ ಮುಂದಿನ ಆಸನ

ಹೊಸಪೇಟೆಯಿಂದ ಕಮಲಾಪುರವನ್ನು ದಾಟಿ ಕಂಪ್ಲಿಯ ಕಡೆಗೆ ಹೊರಟವರಿಗೆ ರಸ್ತೆಯ ಬದಿಯಲ್ಲಿಯೇ ಗಾಣಗಿತ್ತಿ ಬಸದಿ ಕಾಣಿಸುತ್ತದೆ. ಎರಡನೆಯ ಹರಿಹರನ ದಂಡನಾಯಕನಾಗಿದ್ದ ಇರುಗಪ್ಪನು 1385ರಲ್ಲಿ ಕುಂಥುನಾಥ ತೀರ್ಥಂಕರರಿಗಾಗಿ ಈ ಚೈತ್ಯಾಲಯವನ್ನು ಕಟ್ಟಿಸಿದನೆಂದು ಮುಂದಿನ ಕಂಬದ ಶಾಸನ ತಿಳಿಸುತ್ತದೆ. ಕಂಬವಿದೆ, ಶಾಸನವಿದೆ, ಗೋಡೆಗಳಿವೆ, ಗರ್ಭಗೃಹದಲ್ಲಿ ಜಿನಬಿಂಬವಿಲ್ಲ. ಜನರ ಬಾಯಲ್ಲಿರುವ ಹೆಸರು ಕೂಡ ಶಾಸನದ ಹೆಸರಲ್ಲ. ನಿವೃತ್ತಿಯ ನಂತರ ತಿಂಗಳಿಗೊಮ್ಮೆ ಅಲ್ಲಿ ಬಸ್ಸಿಳಿದು, ಬರಿದಾದ ಗರ್ಭಗೃಹಕ್ಕೆ ಕೈಮುಗಿದು, ಮುಂದಿನ ಬಸ್ಸಿಗೆ ಕಂಪ್ಲಿಗೆ ಹೋಗುವುದು ನನ್ನ ರೂಢಿ. ಕಂಪ್ಲಿಯಲ್ಲಿ ನನ್ನ ಅಣ್ಣನ ಮಗನ ಅಕ್ಕಿ ಗಿರಣಿಯಿದೆ.

ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಮೂರು ವರ್ಷಗಳಿಂದ 1947ರ ಕ್ಯಾಡಿಲಾಕ್ ಕಾರೊಂದು ಮರದ ದಿಮ್ಮಿಗಳ ಮೇಲೆ ನಿಂತಿದೆ. ಸಂಡೂರಿನಲ್ಲಿ ಯಾರದೋ ಹಿತ್ತಿಲಿನ ಹುಣಸೆಯ ಮರದ ಕೆಳಗೆ, ಗಣಿಯ ಕೆಂಧೂಳಿನಲ್ಲಿ ಅರ್ಧ ಹೂತುಹೋಗಿದ್ದುದನ್ನು ಆತ ಕೊಂಡು ತಂದನು. ಎಂಟು ಸಿಲಿಂಡರುಗಳ, 5.7 ಲೀಟರಿನ ಎಂಜಿನ್. ಆರು ವೋಲ್ಟಿನ ವಿದ್ಯುತ್ ವ್ಯವಸ್ಥೆ. ಚಾಲಕನಿಗೂ ಮಾಲೀಕರಿಗೂ ನಡುವೆ ಗಾಜಿನ ತಡೆ. ಅದನ್ನು ಮೂಲ ಬಿಡಿಭಾಗಗಳಿಂದಲೇ ಮೊದಲಿನಂತೆ ಮಾಡಬೇಕೆಂಬುದು ಅವನ ಸಂಕಲ್ಪ. ನನಗೆ ಇದು ಆರಂಭದಿಂದಲೂ ಹಿಡಿಸಿರಲಿಲ್ಲ. ನನ್ನ ಅಣ್ಣ ಪರಿಗ್ರಹ ಪರಿಮಾಣ ವ್ರತವನ್ನು ತೆಗೆದುಕೊಂಡು, ಮಿತಿಗೆ ಮೀರಿದ ಒಂದು ಮನೆಯನ್ನು ಬಿಟ್ಟುಕೊಟ್ಟವನು. ನಮ್ಮ ಶಾಸ್ತ್ರಗಳು ಎಣಿಸುವ ಹತ್ತು ಬಾಹ್ಯ ಪರಿಗ್ರಹಗಳಲ್ಲಿ ಹೊಲ, ಮನೆ, ಧನ, ಧಾನ್ಯಗಳ ಜೊತೆಗೆ ‘ಯಾನ’ವೂ ಇದೆ, ‘ಶಯನಾಸನ’ವೂ ಇದೆ. ಅಂಥವನ ಮಗ ಓಡದ ಯಾನಕ್ಕೆ ಹಣ ಸುರಿಯುವುದನ್ನು ಕಂಡು ನಾನು ಒಂದೆರಡು ಸಲ ಕಟುವಾಗಿಯೇ ಮಾತನಾಡಿದ್ದೆ.

ಓಡದ ಯಾನವೆಂದದ್ದು ಉತ್ಪ್ರೇಕ್ಷೆಯಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದ, ಚಾಸಿ, ಕವಚ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡಾಗದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ಆದರೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಇಂಧನ ತುಂಬಿಸಲು ಮಾತ್ರ ರಸ್ತೆಗಿಳಿಸಬೇಕು. ಒಡೆತನವುಂಟು, ಉಪಭೋಗವಿಲ್ಲ.

ಮೂಲ ಬಿಡಿಭಾಗಗಳ ವಿಷಯದಲ್ಲಿ ಈ ಕಾರಿನ ಕಂಪನಿಯ ಕಥೆಯೇ ಸ್ವಾರಸ್ಯಕರವಾಗಿದೆ. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿಯಾಗಿ ಬಿಚ್ಚಿ, ಭಾಗಗಳನ್ನೆಲ್ಲ ಒಂದೇ ರಾಶಿಯಾಗಿ ಬೆರೆಸಿದರು. ಅವುಗಳಲ್ಲಿ 89 ಭಾಗಗಳನ್ನು ತೆಗೆದಿಟ್ಟು, ಅಂಗಡಿಯ ದಾಸ್ತಾನಿನಿಂದ ಬೇರೆಯವನ್ನು ಸೇರಿಸಿದರು. ಸ್ಪ್ಯಾನರ್, ಸ್ಕ್ರೂಡ್ರೈವರುಗಳಿಂದಲೇ ಆ ರಾಶಿಯಿಂದ ಮತ್ತೆ ಮೂರು ಕಾರುಗಳನ್ನು ಜೋಡಿಸಲಾಯಿತು. ಮೂರೂ 500 ಮೈಲಿ ಓಡಿದವು. ಕಂಪನಿಗೆ ಡೆವಾರ್ ಟ್ರೋಫಿ ದೊರಕಿತು. ಅಂದರೆ ಒಂದು ಭಾಗಕ್ಕೂ ಇನ್ನೊಂದಕ್ಕೂ ಭೇದವಿಲ್ಲ, ಯಾವುದನ್ನಾದರೂ ಎಲ್ಲಿಗಾದರೂ ಹೊಂದಿಸಬಹುದು ಎಂಬುದೇ ಅದರ ಕೀರ್ತಿಗೆ ಕಾರಣವಾಯಿತು. ಇಂದು ಸಂಗ್ರಾಹಕರು ಅದೇ ಕಂಪನಿಯ ಕಾರಿನಲ್ಲಿ ಎಂಜಿನ್ನಿನ ಮೇಲಿನ ಸಂಖ್ಯೆಯೂ ಚಾಸಿಯ ಮೇಲಿನ ಸಂಖ್ಯೆಯೂ ಒಂದೇ ಆಗಿದೆಯೇ ಎಂದು ಟಾರ್ಚು ಹಿಡಿದು ನೋಡುತ್ತಾರೆ!

ನಮ್ಮ ದೇಶದಲ್ಲಿ ಆ ಭಾಗಗಳು ಸಿಗುವುದೂ ಸುಲಭವಲ್ಲ. ಕ್ಯಾಡಿಲಾಕಿನ ಒಡೆತನವುಳ್ಳ ಜನರಲ್ ಮೋಟರ್ಸ್ ಕಂಪನಿ 1928ರಲ್ಲಿ ಮುಂಬಯಿಯಲ್ಲಿ ಕಾರುಗಳ ಜೋಡಣೆಯನ್ನು ಆರಂಭಿಸಿ, 1954ರಲ್ಲಿ ಮುಚ್ಚಿಕೊಂಡು ಹೋಯಿತು. ಆದ್ದರಿಂದ ಆತ ಒಂದು ದೀಪದ ಗಾಜಿಗಾಗಿ ಎಂಟು ತಿಂಗಳು ಕಾದದ್ದುಂಟು.

ಶೆಡ್ಡಿನಲ್ಲಿ ಕುಳಿತಾಗಲೆಲ್ಲ ನನಗೆ ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಕೊಡುವ ದೃಷ್ಟಾಂತ ನೆನಪಾಗುತ್ತಿತ್ತು. ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡಿದಾಗ, ಕಲಶ ಬೇಕಾಗಿದ್ದವನಿಗೆ ಶೋಕ, ಕಿರೀಟ ಬೇಕಾಗಿದ್ದವನಿಗೆ ಹರ್ಷ, ಚಿನ್ನವಷ್ಟೇ ಬೇಕಾಗಿದ್ದವನಿಗೆ ಎರಡೂ ಇಲ್ಲ. ಪರ್ಯಾಯ ಹುಟ್ಟುತ್ತದೆ, ಅಳಿಯುತ್ತದೆ, ದ್ರವ್ಯ ನಿಲ್ಲುತ್ತದೆ. ಕಾರಿನ ಮೂಲ ಯಾವುದು ಎಂದು ಕೇಳಿದರೆ ಒಂದು ಅಪೇಕ್ಷೆಯಿಂದ 1947ರ ರೂಪ. ಇನ್ನೊಂದರಿಂದ ಹುಣಸೆಯ ಕೆಳಗೆ ತುಕ್ಕು ತಿಂದ ರೂಪವೂ ಆ ಕಾರಿನದೇ. ಎಪ್ಪತ್ತೈದು ವರ್ಷಗಳ ಪರ್ಯಾಯಗಳಲ್ಲಿ ಒಂದನ್ನು ಮಾತ್ರ ಆರಿಸಿ ‘ಇದೇ ಮೂಲ’ ಎನ್ನುವುದು ಏಕಾಂತವಾಗುತ್ತದೆ. ಇದನ್ನು ಮಗನಿಗೆ ಹೇಳಿದಾಗ ಆತ ನಕ್ಕು, “ಚಿಕ್ಕಪ್ಪ, ನಿಮ್ಮ ಮನೆಯ ಮೂರು ಬೀರುಗಳ ತುಂಬ ಹಳೆಯ ಪಠ್ಯಪುಸ್ತಕಗಳಿವೆಯಲ್ಲ, ಅವು ಯಾವ ಪರ್ಯಾಯ?” ಎಂದನು. ಉತ್ತರ ಹೊಳೆಯಲಿಲ್ಲ. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನ ಮೇಲೆ ಹೇಳದೆ ಮೂರ್ಛೆಯ ಮೇಲೆ ಹೇಳಿರುವುದು ನಮ್ಮಂಥವರನ್ನು ನೋಡಿಯೇ ಇರಬೇಕು.

ಆತನೇ ಧರ್ಮಸ್ಥಳದ ಮಾತನ್ನೂ ತೆಗೆದನು. ಜೈನ ಗೃಹಸ್ಥರಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1968ರಲ್ಲಿ ಧರ್ಮಾಧಿಕಾರಿಗಳಾದವರು. ಮಂಜೂಷಾ ವಸ್ತುಸಂಗ್ರಹಾಲಯವನ್ನೂ ಹಳೆಯ ಕಾರುಗಳ ಸಂಗ್ರಹವನ್ನೂ ಬೆಳೆಸಿದವರು. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯವೂ ಆ ಆಸಕ್ತಿಯ ಫಲವೇ. ನಾನು ಧರ್ಮಸ್ಥಳದ ಸಂಗ್ರಹವನ್ನು ಕಂಡಿದ್ದೇನೆ. 1982ರಲ್ಲಿ ಪ್ರತಿಷ್ಠಾಪಿತನಾದ ಬಾಹುಬಲಿ ಬೆಟ್ಟದ ಮೇಲೆ ಎಲ್ಲವನ್ನೂ ತೊರೆದು ನಿಂತಿದ್ದಾನೆ. ಕೆಳಗೆ ಸಾಲುಸಾಲಾಗಿ ಕಾರುಗಳು. ಮೊದಲ ಸಲ ನೋಡಿದಾಗ ಇದು ನನ್ನನ್ನು ಕಸಿವಿಸಿಗೊಳಿಸಿದ್ದು ನಿಜ. ಆದರೆ ಹಳ್ಳಿಗಳಿಂದ ಬಂದ ಯಾತ್ರಿಕರು ಮಕ್ಕಳನ್ನು ಎತ್ತಿಕೊಂಡು ಆ ಕಾರುಗಳನ್ನು ನೋಡುತ್ತಿದ್ದರು. ಎಲ್ಲರ ಕಣ್ಣಿಗೆ ತೆರೆದಿಟ್ಟ ವಸ್ತು ಬೀಗ ಹಾಕಿದ ಶೆಡ್ಡಿನ ವಸ್ತುವಿನಂತಲ್ಲ. ಭರತ ಚಕ್ರವರ್ತಿಗೆ ಎಂಬತ್ನಾಲ್ಕು ಲಕ್ಷ ರಥಗಳಿದ್ದವೆಂದು ಪುರಾಣ ಹೇಳುತ್ತದೆ. ಅದೇ ಭರತನನ್ನು ರತ್ನಾಕರವರ್ಣಿ ಭೋಗದ ನಡುವಿನ ಯೋಗಿಯಾಗಿ ಕಂಡನು. ಆದರೂ ಭರತನ ಉದಾಹರಣೆಯನ್ನು ನಮ್ಮ ಅನುಕೂಲಕ್ಕೆ ಎಳೆದುಕೊಳ್ಳುವವರ ಬಗ್ಗೆ ನನಗೆ ಅನುಮಾನವಿದೆ.

ನಿಜವಾದ ಜಗಳ ನಡೆದದ್ದು ಕಳೆದ ಚಾತುರ್ಮಾಸದಲ್ಲಿ, ಆಸನದ ವಿಷಯಕ್ಕೆ. ಇಂಥ ಉದ್ದನೆಯ ಕಾರುಗಳಲ್ಲಿ ಹಿಂದೆ ಕೂರುವ ಮಾಲೀಕರಿಗೆ ಉಣ್ಣೆಯ ಬಟ್ಟೆಯ ಮೆತ್ತೆ, ಮುಂದೆ ಕೂರುವ ಚಾಲಕನಿಗೆ ಚರ್ಮದ ಹೊದಿಕೆ. ಬಟ್ಟೆಯೇ ಅಂದು ಹೆಚ್ಚಿನ ಸುಖದ ಗುರುತು. ಚಾಲಕನ ಆಸನದ ಚರ್ಮ ಅರ್ಧ ಹರಿದಿತ್ತು. ರೆಕ್ಸಿನ್ ಹಾಕಿದರೆ ಸ್ಪರ್ಧೆಯಲ್ಲಿ ಅಂಕ ಕಳೆಯುತ್ತಾರೆಂದು, ಆತ ದೂರದ ಊರಿನ ವ್ಯಾಪಾರಿಗೆ ಹೊಸ ತೊಗಲಿಗಾಗಿ ಮುಂಗಡ ಕೊಟ್ಟಿದ್ದನು. ನನಗೆ ತಿಳಿದದ್ದು ಮೇಸ್ತ್ರಿಯ ಬಾಯಿಂದ.

“ಕೊಂದವನು ನಾನಲ್ಲ, ಚಿಕ್ಕಪ್ಪ” ಎಂದನು ಅವನು. ಕೃತ, ಕಾರಿತ, ಅನುಮೋದನೆಗಳ ಪಾಠವನ್ನು ಅವನಿಗೆ ಬಾಲ್ಯದಲ್ಲಿ ಹೇಳಿಕೊಟ್ಟವನೇ ನಾನು. ಹಣ ಕೊಟ್ಟು ತರಿಸಿದ್ದು ಕಾರಿತವಲ್ಲದೆ ಮತ್ತೇನು ಎಂದೆ. ಆತ ಸುಮ್ಮನಿದ್ದು, ಬಳಿಕ ಕೇಳಿದನು: “ಹಾಗಾದರೆ ಉಳಿದಿರುವ ಹಳೆಯ ಚರ್ಮವನ್ನೂ ಕಿತ್ತೆಸೆಯಲೇ? ಆ ಪ್ರಾಣಿ ಸತ್ತು ಎಪ್ಪತ್ತೈದು ವರ್ಷಗಳಾದವು. ಇಟ್ಟುಕೊಂಡರೆ ಅನುಮೋದನೆಯೇ? ಎಸೆದರೆ ಅದಕ್ಕೇನು ಉಪಕಾರ?” ಮೂವತ್ತೈದು ವರ್ಷ ಪಾಠ ಹೇಳಿದ ನನಗೆ ಈ ಪ್ರಶ್ನೆಗೆ ಇಂದಿಗೂ ನೆಟ್ಟಗಿನ ಉತ್ತರ ಸಿಕ್ಕಿಲ್ಲ. ಆ ದಿನ ಊಟ ಮಾಡದೆ ಹೊಸಪೇಟೆಗೆ ಮರಳಿದೆ. ಎರಡು ತಿಂಗಳು ಕಂಪ್ಲಿಯ ಕಡೆಗೆ ಹೋಗಲಿಲ್ಲ. ಬಸದಿಯ ಬಳಿಯೂ ಇಳಿಯಲಿಲ್ಲ.

ಮತ್ತೆ ಮಾತು ಕೂಡಿದ್ದು ಹಂಪಿಯಲ್ಲಿ. ಮೊಮ್ಮಗಳಿಗೆ ಕಲ್ಲಿನ ತೇರನ್ನು ತೋರಿಸಬೇಕೆಂದು ಆತನೇ ಕರೆದೊಯ್ದನು. 2017ರಲ್ಲಿ ಬಂದ ಐವತ್ತು ರೂಪಾಯಿಯ ನೋಟನ್ನು ಹಿಡಿದು ಮಗು ತೇರಿಗೆ ಹೋಲಿಸುತ್ತಿತ್ತು. ಮುಂದೆ ನಿಂತಿರುವ ಆನೆಗಳು ಆ ತೇರಿನವಲ್ಲ; ಮೊದಲಿದ್ದದ್ದು ಕುದುರೆಗಳು. ಅವುಗಳ ಹಿಂಗಾಲು ಬಾಲಗಳ ಗುರುತು ಆನೆಗಳ ಹಿಂದೆ ಇನ್ನೂ ಕಾಣುತ್ತದೆ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ತೇರಿನ ಮೇಲೆ ಇಟ್ಟಿಗೆಯ ಶಿಖರವಿದೆ. ಈಗ ಅದಿಲ್ಲ, ಯಾರೂ ಮತ್ತೆ ಕಟ್ಟಲೂ ಇಲ್ಲ. ನಾನು ಇದನ್ನೆಲ್ಲ ಮಗುವಿಗೆ ವಿವರಿಸುತ್ತಿದ್ದಾಗ ಆತ ಕುದುರೆಯ ಬಾಲದ ಮುಂದೆ ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕುಳಿತಿದ್ದನು. ಮರಳುವಾಗ, ತೊಗಲಿನ ವ್ಯಾಪಾರಿಗೆ ಬೇಡವೆಂದು ಹೇಳಿ ಒಂದು ತಿಂಗಳಾಯಿತೆಂದೂ ಮುಂಗಡ ಹಿಂದಕ್ಕೆ ಬರಲಿಲ್ಲವೆಂದೂ ಮೆಲ್ಲಗೆ ಹೇಳಿದನು.

ಈಗ ಮುಂದಿನ ಆಸನದಲ್ಲಿ ಗಟ್ಟಿಯಿರುವ ಹಳೆಯ ಚರ್ಮ ಹಾಗೆಯೇ ಇದೆ. ಹರಿದ ಕಡೆ ಮೇಸ್ತ್ರಿ ದಪ್ಪ ಹತ್ತಿಯ ಬಟ್ಟೆಯನ್ನು ಕೂರಿಸಿದ್ದಾನೆ. ಬಣ್ಣ ಹೊಂದಿಲ್ಲ, ಹೊಲಿಗೆ ಎದ್ದು ಕಾಣುತ್ತದೆ. ಸ್ಪರ್ಧೆಯ ತೀರ್ಪುಗಾರರು ಮೊದಲು ನೋಡುವುದೇ ಅದನ್ನು ಎಂದು ಮೇಸ್ತ್ರಿಗೆ ಬೇಸರ. “ಮೇಷ್ಟ್ರೇ, ಒಮ್ಮೆ ಕೂತು ನೋಡಿ” ಎಂದು ಆತ ಮುಂದಿನ ಬಾಗಿಲನ್ನು ತೆರೆದನು. ನಾನು ಹಿಂದಿನ ಆಸನದಲ್ಲಿ ಕುಳಿತೆ. ಆರು ವೋಲ್ಟಿನ ಬ್ಯಾಟರಿ ಇನ್ನೂ ಬಂದಿಲ್ಲ. ಬಂದ ದಿನ ಕಾರನ್ನು ಗಾಣಗಿತ್ತಿ ಬಸದಿಯವರೆಗೆ ಓಡಿಸಿ ನೋಡಬೇಕೆಂದು ಮಗ ಹೇಳುತ್ತಿದ್ದಾನೆ. ಅದಕ್ಕೆ ನಿಯಮ ಒಪ್ಪುತ್ತದೆಯೇ ಎಂದು ಮೊದಲು ವಿಚಾರಿಸು ಎಂದಿದ್ದೇನೆ.