ಕಾವಲುಗಾರನ ಕೈ ಕಟ್ಟಿದ ಮೇಲೆ

ನನ್ನ ತಮ್ಮನಿಗೆ ಮೂತ್ರಪಿಂಡ ಕಸಿಯಾಗಿ ಒಂದೂವರೆ ವರ್ಷ ಕಳೆದಿತ್ತು. ಬಿಡದ ಕೆಮ್ಮೆಂದು ಹೋದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ, ‘ಮನೆಯ ಹತ್ತಿರ ಯಾವುದಾದರೂ ಕಟ್ಟಡ ಕೆಡವುತ್ತಿದ್ದಾರೆಯೇ?’ ಪಕ್ಕದ ಹಳೆಯ ಹೆಂಚಿನ ಮನೆ ನೆಲಸಮವಾಗಿ ತಿಂಗಳಾಗಿತ್ತು. ಕಡತಗಳ ನಡುವೆಯೇ ಮೂರು ದಶಕ ಕಳೆದ ನನಗೆ ಆ ಪ್ರಶ್ನೆಗೂ ಕೆಮ್ಮಿಗೂ ಇರುವ ನಂಟು ಹೊಳೆಯಲಿಲ್ಲ.

ಆಸ್ಪರ್ಜಿಲಸ್ ಎಂಬ ಬೂಸ್ಟು ಕೊಳೆತ ಎಲೆ, ಗೊಬ್ಬರ, ಹಳೆಯ ಕಟ್ಟಡಗಳ ಧೂಳು ಎಲ್ಲೆಡೆಯೂ ಇರುತ್ತದೆ. ಅದರ ಬೀಜಕಣಗಳನ್ನು ನಾವೆಲ್ಲರೂ ದಿನನಿತ್ಯ ಉಸಿರಾಡುತ್ತೇವೆ. ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟೇ ಗಾತ್ರದ ಆ ಕಣಗಳು ಶ್ವಾಸಕೋಶದ ಗಾಳಿಗೂಡುಗಳವರೆಗೂ ಇಳಿಯಬಲ್ಲವು. ಅಲ್ಲಿ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಅವುಗಳನ್ನು ನುಂಗಿ ಅರಗಿಸುತ್ತವೆ. ಇಲ್ಯಾ ಮೆಚ್ನಿಕಾಫ್ 1884ರಲ್ಲಿ ನೀರುಚಿಗಟದ ಪಾರದರ್ಶಕ ದೇಹದೊಳಗೆ ಕಂಡದ್ದೂ ಇಂಥದೇ ಕಾಳಗವನ್ನು. ಶಿಲೀಂಧ್ರದ ಕಣಗಳನ್ನು ಅದರ ರಕ್ತಕೋಶಗಳು ಕಬಳಿಸುತ್ತಿದ್ದವು. ತಪ್ಪಿಸಿಕೊಂಡ ಕಣ ಮೊಳೆತು ಎಳೆಯಾಗಿ ಬೆಳೆದರೆ ನುಂಗುವುದು ಅಸಾಧ್ಯ. ಆಗ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಧಾವಿಸುತ್ತವೆ. ಅಗತ್ಯಬಿದ್ದರೆ ತಮ್ಮದೇ ಡಿಎನ್‌ಎಯನ್ನು ಬಲೆಯಂತೆ ಹೊರಚೆಲ್ಲುತ್ತವೆ. ಈ ಬಲೆಯ ಸಂಗತಿ ವಿಜ್ಞಾನಕ್ಕೆ ತಿಳಿದದ್ದು 2004ರಲ್ಲಿ.

ಕಸಿಯಾದವರ ದೇಹದಲ್ಲಿ ಈ ಏರ್ಪಾಡನ್ನು ನಾವೇ ಸಡಿಲಗೊಳಿಸುತ್ತೇವೆ. ತಮ್ಮ ಸೇವಿಸುವ ಟ್ಯಾಕ್ರೊಲಿಮಸ್ ಮಾತ್ರೆ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ತಡೆದು, ಪರರ ಅಂಗದ ಮೇಲೆ ಎರಗುವ ಟಿ ಕೋಶಗಳನ್ನು ಸುಮ್ಮನಿರಿಸುತ್ತದೆ. ಆದರೆ ಬೂಸ್ಟಿನ ಕಣವನ್ನು ನುಂಗಿದ ಭಕ್ಷಕ ಕೋಶವು ನೆರವಿಗಾಗಿ ನ್ಯೂಟ್ರೊಫಿಲ್‌ಗಳನ್ನು ಕರೆಯಲೂ ಅದೇ ಕಿಣ್ವ ಬೇಕೆಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2015ರಲ್ಲಿ ತೋರಿಸಿದರು. ಮನೆಗೆ ಬಂದ ಅತಿಥಿಯ ಮೇಲೆ ಕೈಮಾಡದಿರಲೆಂದು ಕಾವಲುಗಾರನ ಕೈ ಕಟ್ಟಿದರೆ ಕಳ್ಳನಿಗೂ ಬಾಗಿಲು ತೆರೆದಂತೆಯೇ. (ಇದೇ ಬಗೆಯ ಹಳೆಯ ಮದ್ದು ಸೈಕ್ಲೊಸ್ಪೊರಿನ್ ದೊರೆತದ್ದು ನಾರ್ವೆಯ ಮಣ್ಣಿನಲ್ಲಿದ್ದ ಒಂದು ಶಿಲೀಂಧ್ರದಿಂದಲೇ ಎಂಬುದು ವಿಚಿತ್ರ.)

ಚಿಕಿತ್ಸೆಯೂ ಸರಳವಲ್ಲ. ಶಿಲೀಂಧ್ರವನ್ನು ಕೊಲ್ಲುವ ವೊರಿಕೊನಜೋಲ್ ರಕ್ತದಲ್ಲಿ ಟ್ಯಾಕ್ರೊಲಿಮಸ್ ಪ್ರಮಾಣವನ್ನು ಏರಿಸುತ್ತದೆ. ಆದ್ದರಿಂದ ಎರಡನೆಯದನ್ನು ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಸಿ, ಮೇಲಿಂದ ಮೇಲೆ ರಕ್ತ ಪರೀಕ್ಷಿಸಬೇಕು. ಹೆಚ್ಚಾದರೆ ಮೂತ್ರಪಿಂಡಕ್ಕೆ ವಿಷ, ಕಡಿಮೆಯಾದರೆ ದೇಹ ಅದನ್ನು ತಿರಸ್ಕರಿಸುವ ಭಯ. ಆ ಮೂತ್ರಪಿಂಡ ತಮ್ಮನ ಹೆಂಡತಿ ಕೊಟ್ಟದ್ದು. ಪ್ರತಿ ವರದಿಯನ್ನೂ ಆಕೆಯೇ ಮೊದಲು ಓದುತ್ತಿದ್ದಳು. ಅರ್ಥಶಾಸ್ತ್ರ ಓದಿದ ನಾನು ಇಂಥ ಕೊಡುಕೊಳ್ಳುವಿಕೆಯ ರೇಖೆಗಳನ್ನು ಕಾಗದದ ಮೇಲೆ ಎಳೆದವನು. ಆಕೆಯ ಮುಖದಲ್ಲಿ ಕಂಡಾಗ ಬೇರೆಯೇ ಆಗಿತ್ತು.

ತಮ್ಮ ಈಗ ಚೇತರಿಸಿಕೊಂಡಿದ್ದಾನೆ. ಪಕ್ಕದ ಮನೆಯ ಧೂಳೇ ಕಾರಣವೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೂ ಕಸಿಯಾದವರಿಗೆ ಕೊಡುವ ಸೂಚನೆಗಳಲ್ಲಿ ಉಪ್ಪು, ನೀರಿನ ಲೆಕ್ಕದ ಜೊತೆಗೆ ಧೂಳಿನ ಮಾತೂ ಸ್ಪಷ್ಟವಾಗಿರಬೇಕು. ನಮಗೆ ಯಾರೂ ಹೇಳಿರಲಿಲ್ಲ.

ಕಳೆದ ವಾರ ಎದುರುಮನೆಯನ್ನು ಕೆಡವುವ ಸುದ್ದಿ ಬಂತು. ಪರದೆ ಕಟ್ಟಿ, ನೀರು ಚಿಮುಕಿಸಿ ಕೆಡವಿಸಿರೆಂದು ಮಾಲೀಕರನ್ನು ಕೇಳಿಕೊಂಡೆ. ಕಟ್ಟಡ ಕಾಮಗಾರಿಯ ಧೂಳು ತಡೆಯಲು ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ನಿಯಮದ ಪ್ರತಿಯನ್ನೂ ಕೊಟ್ಟೆ, ಹಳೆಯ ಅಭ್ಯಾಸ. ಅವರು ಅದನ್ನು ಓದದೆ ಮಡಿಸಿ ಜೇಬಿಗಿಟ್ಟರು. ತಮ್ಮನ ವಿಷಯ ಕೇಳಿದ ಮೇಲೆ ಒಪ್ಪಿದರು. ಆದರೂ ಆ ಕೆಲಸ ಮುಗಿಯುವವರೆಗೆ ಅವನು ಮೈಸೂರಿನಲ್ಲಿ ತಂಗಿಯ ಮನೆಯಲ್ಲಿರುತ್ತಾನೆ.