ಉರುವಲಿನ ಋಣ

ನಾನು ಬಾಲಕನಾಗಿದ್ದಾಗ, ಎಂದರೆ 1960ರ ದಶಕದಲ್ಲಿ, ಮೈಸೂರಿನ ನಮ್ಮ ಮನೆಯ ಬಚ್ಚಲಿನಲ್ಲಿ ಹೊಟ್ಟಿನ ಒಲೆಯೂ ಅಡುಗೆಮನೆಯಲ್ಲಿ ಸೌದೆಯ ಒಲೆಯೂ ಇದ್ದವು. ಸೌದೆ ಡಿಪೋದಿಂದ ಬರುತ್ತಿತ್ತು. ಡಿಪೋಗೆ ಎಲ್ಲಿಂದ ಬರುತ್ತಿತ್ತೆಂದು ನಾವಾರೂ ಕೇಳಿದವರಲ್ಲ. ಹೊಗೆಯಿಂದ ಕೆಂಪಾಗಿರುತ್ತಿದ್ದ ನಮ್ಮ ತಾಯಿಯವರ ಕಣ್ಣುಗಳ ನೆನಪು ಮಾತ್ರ ಉಳಿದಿದೆ. ಇಂದು ಸ್ಕೂಟರಿಗೆ ಪೆಟ್ರೋಲ್ ಹಾಕಿಸುವಾಗ, ಅಂದು ಕೇಳದೆ ಬಿಟ್ಟ ಪ್ರಶ್ನೆ ಮತ್ತೆ ಎದುರಾಗುತ್ತದೆ. ಏಕೆಂದರೆ ಆ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲಿನವರೆಗೆ ಎಥನಾಲ್ ಬೆರೆತಿದೆ. ಅದು ಕಬ್ಬು, ಮುಸುಕಿನ ಜೋಳ, ಅಕ್ಕಿಗಳಿಂದ ತೆಗೆದ ಮದ್ಯಸಾರ.

ಸಸ್ಯಗಳಿಂದಲೂ ಪ್ರಾಣಿಗಳ ವಿಸರ್ಜನೆಯಿಂದಲೂ ದೊರೆಯುವ ಉರುವಲಿಗೆ ಜೈವಿಕ ಇಂಧನವೆಂದು ಹೆಸರು. ಅದರ ಪರವಾದ ವಾದ ಸರಳವಾದುದು. ಕಲ್ಲಿದ್ದಲು, ಪೆಟ್ರೋಲಿಯಮ್‌ಗಳು ಯುಗಯುಗಗಳ ಹಿಂದೆ ಭೂಮಿಯಲ್ಲಿ ಹೂತುಹೋದ ಇಂಗಾಲವನ್ನು ವಾಯುಮಂಡಲಕ್ಕೆ ಸೇರಿಸುತ್ತವೆ. ಸಸ್ಯವಾದರೋ ತಾನು ಬೆಳೆಯುವಾಗ ಗಾಳಿಯಿಂದ ಪಡೆದುದನ್ನೇ ಉರಿಯುವಾಗ ಹಿಂದಿರುಗಿಸುತ್ತದೆ. ಕಡಿದಷ್ಟೂ ಮತ್ತೆ ಬೆಳೆದರೆ ಲೆಕ್ಕ ಸರಿಹೋಯಿತು. ಮಾತು ನಿಜವೇ. ಆದರೆ ಇಂಗಾಲದ ಲೆಕ್ಕವಲ್ಲದೆ ನೀರಿನದು, ನೆಲದ್ದು, ದುಡಿಮೆಯದು ಎಂದು ಬೇರೆ ಲೆಕ್ಕಗಳೂ ಇವೆ.

ಇದನ್ನು ನಮಗೆ ಚೆನ್ನಾಗಿ ತಿಳಿಸಿಕೊಟ್ಟದ್ದು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ದವರು ಅಲ್ಲಿ ಸಮೀಕ್ಷೆ ನಡೆಸಿದರು. 1977ರಲ್ಲಿ ಆ ಊರಿನಲ್ಲಿದ್ದುದು 56 ಮನೆ, 357 ಜನ. ಊರು ಬಳಸುತ್ತಿದ್ದ ಶಕ್ತಿಯಲ್ಲಿ ಬಹುಪಾಲು ಸೌದೆಯದೇ; ಅದನ್ನು ಆಯ್ದು ಹೊತ್ತು ತರುವುದರಲ್ಲಿ ಮನೆಮಂದಿಯ ಎಷ್ಟೋ ಹೊತ್ತು ಸವೆಯುತ್ತಿತ್ತು.

ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ ಒಲೆಗಳಿಗೆ ಅನಿಲ ಕೊಡಬೇಕೆಂಬುದು ಮೊದಲ ಯೋಜನೆ. ಸಗಣಿ ಸಾಲಲಿಲ್ಲ, ಯೋಜನೆ ಫಲಿಸಲಿಲ್ಲ. 1987ರಲ್ಲಿ ಅದೇ ಅನಿಲಕ್ಕೆ ಸ್ವಲ್ಪ ಡೀಸೆಲ್ ಕೂಡಿಸಿ, ಎಂಜಿನ್ ಓಡಿಸಿ, ವಿದ್ಯುತ್ತನ್ನು ಪಡೆದರು. ಅದರಿಂದ ಮನೆಗಳಿಗೆ ದೀಪ ಬಂದಿತು, ಕೊಳವೆ ಬಾವಿಯ ನೀರು ನಲ್ಲಿಗೆ ಬಂದಿತು. ಸಗಣಿ ತಂದು ಹಾಕಿದವರಿಗೆ ಕಿಲೋಗ್ರಾಮಿಗೆ 2 ಪೈಸೆ ಸಲ್ಲುತ್ತಿತ್ತು. ಅನಿಲ ತೆಗೆದ ಮೇಲಿನ ಬಗ್ಗಡವನ್ನು ಅವರವರ ಪಾಲಿನಂತೆ ಗೊಬ್ಬರವಾಗಿ ಹಿಂದಕ್ಕೆ ಕೊಡುತ್ತಿದ್ದರು.

ಈ ಹಿಂದಿರುಗಿಸುವಿಕೆಯನ್ನು ಕೇಳುಗರು ಗಮನಿಸಬೇಕು. ಬೆರಣಿ ತಟ್ಟಿ ಉರಿಸಿದರೆ ಹೊಲಕ್ಕೆ ಗೊಬ್ಬರ ತಪ್ಪುತ್ತದೆ. ಸ್ಥಾವರದಿಂದ ಉರಿಯಲು ಹೊರಬರುವುದು ಮುಖ್ಯವಾಗಿ ಮೀಥೇನ್. ಪೈರಿಗೆ ಬೇಕಾದ ಸಾರಜನಕ ಬಗ್ಗಡದಲ್ಲಿಯೇ ಉಳಿಯುತ್ತದೆ. ಇನ್ನೊಂದು ಮಾತು. ಸಗಣಿಗೆ ಬೆಲೆ ಬಂದೊಡನೆ, ಅದನ್ನು ಬೀದಿಯಲ್ಲಿ ಆಯ್ದುಕೊಂಡು ಒಲೆ ಹಚ್ಚುತ್ತಿದ್ದ ದನವಿಲ್ಲದ ಬಡವಳ ಗತಿಯೇನು? ಗ್ಯಾಸ್ ಸ್ಥಾವರ ಉಳ್ಳವರ ಹಿತ್ತಿಲಿನಲ್ಲಿಯೇ ಉಳಿದರೆ ಅವಳ ಒಲೆ ಆರುತ್ತದೆ. ಪುರದ ನೀರು ಊರಿನದಾದುದರಿಂದ ಅವಳಂಥವರ ಕೊಡಕ್ಕೂ ಬಂದಿತು.

ಈ ಲೆಕ್ಕವನ್ನೇ ಎಥನಾಲಿಗೆ ಹಚ್ಚಿ ನೋಡೋಣ. ಮೈಸೂರಿನಿಂದ ಮಂಡ್ಯದ ಕಡೆಗೆ ಹೊರಟರೆ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕಬ್ಬು ಕಣ್ತುಂಬ ಕಾಣುತ್ತದೆ. ಎಥನಾಲಿನಿಂದ ಕಾರ್ಖಾನೆಗಳಿಗೆ ಇನ್ನೊಂದು ಆದಾಯವಾಗಿ, ರೈತರ ಬಾಕಿ ಬೇಗ ತೀರುವುದಾದರೆ ಅದು ಸಣ್ಣ ಉಪಕಾರವಲ್ಲ. ಆದರೆ ಸಕ್ಕರೆಯ ಮೂಲದ ಒಂದು ಲೀಟರ್ ಎಥನಾಲಿಗೆ ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಅದು ಕಾವೇರಿಯ ನೀರು. ನಾಲೆಯ ಕೊನೆಯ ರೈತನೂ ಅದಕ್ಕಾಗಿಯೇ ಕಾದಿರುತ್ತಾನೆ. ಮಳೆ ಕೈಕೊಟ್ಟ 2023ರ ಡಿಸೆಂಬರಿನಲ್ಲಿ, ಸಕ್ಕರೆ ಕಡಮೆಯಾದೀತೆಂದು ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲ್ ತೆಗೆಯುವುದನ್ನು ತಡೆಯಿತು. 2024ರಲ್ಲಿ ತಡೆಯನ್ನು ತೆಗೆಯಿತು. ಹೊಟ್ಟೆಗೂ ಎಂಜಿನ್ನಿಗೂ ಒಂದೇ ಹೊಲ ಸಾಲದ ಕಾಲ ಬರಬಹುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಹಾಗಾದರೆ ಬಂಜರಿನಲ್ಲಿ ಬೆಳೆಯಬಾರದೆ ಎನ್ನುವವರುಂಟು. ಕಾಗದದ ಮೇಲೆ ಬಂಜರೆಂದು ಬರೆದ ನೆಲ ಊರಿನವರಿಗೆ ಗೋಮಾಳ. ಕುರಿ ಮೇಯುವ, ಪುಳ್ಳೆ ಆಯುವ ಜಾಗ. ಅದಕ್ಕೆ ಬೇಲಿ ಬಿದ್ದರೆ ನಷ್ಟ ಯಾರದೆಂದು ಹೇಳಬೇಕಾಗಿಲ್ಲ. ಅದಕ್ಕಿಂತ ಹೊಲದ ಬದುವಿನ ಹೊಂಗೆ ಮೇಲು: ಬೀಜ ಎಣ್ಣೆ ಕೊಡುತ್ತದೆ, ಹಿಂಡಿ ಗೊಬ್ಬರವಾಗುತ್ತದೆ, ನೆಲ ಯಾರ ಕೈಯೂ ತಪ್ಪುವುದಿಲ್ಲ. 2009ರ ಕರ್ನಾಟಕದ ಜೈವಿಕ ಇಂಧನ ನೀತಿ ಇಂಥ ಮರಗಳನ್ನು ನೆಚ್ಚಿತ್ತು. ಆದರೆ ಮರ ಕಾಯಿ ಬಿಡಲು ವರ್ಷಗಳೇ ಬೇಕು. ಬೀಜ ಆಯ್ದವರಿಗೆ ತಕ್ಕ ಕೂಲಿ ಹುಟ್ಟದಿದ್ದರೆ ಅದು ಮರದಡಿಯಲ್ಲಿಯೇ ಉಳಿಯುತ್ತದೆ.

ಉರುವಲು ಬೆಳೆಯುವಂಥದು ಎಂದಮಾತ್ರಕ್ಕೆ ಬಾಳುವಂಥದು ಎಂದಾಗಲಿಲ್ಲ. ನೆಲದಿಂದ ತೆಗೆದುದು ನೆಲಕ್ಕೆ ಮರಳಿತೆ? ಯಾರ ನೀರು ಇದಕ್ಕೆ ಹೋಯಿತು? ದುಡಿದವರಿಗೆ ಪಾಲು ಸಂದಿತೆ? ನಮ್ಮ ಮನೆಗೆ ಸೌದೆ ಬಂದ ಕಾಲದಲ್ಲಿ ಇವನ್ನು ಕೇಳದೆ ಉಂಡೆವು. ಪೆಟ್ರೋಲ್ ಹಾಕಿಸುವ ಈ ಕಾಲದಲ್ಲಾದರೂ ಕೇಳಬೇಕು.